ತೂಕ ಇಳಿಸುವ ಆಪರೇಷನ್ನಿಗೆ ಮುನ್ನ ಸಿಗರೇಟು ಬಿಡುವುದು: ಓದುಗರ ಪ್ರಶ್ನೆ, ತಜ್ಞರ ಉತ್ತರ

ತೂಕ ಇಳಿಸುವ ಆಪರೇಷನ್ನಿಗೆ ತಯಾರಾಗುತ್ತಿರುವವರು ಮತ್ತು ಅವರ ಮನೆಯವರು ಸಿಗರೇಟಿನ ಬಗ್ಗೆ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಕೊಟ್ಟಿರುವ ಔಷಧಿಯ ಪ್ರಮಾಣಗಳು ರೂಢಿಯಲ್ಲಿರುವಂಥವು. ನಿಮ್ಮ ಕಿಡ್ನಿ, ಹೃದಯ, ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೋಡಿ ನಿಮ್ಮ ವೈದ್ಯರು ಅವನ್ನು ಬದಲಿಸಬಹುದು. ಹಾಗಾಗಿ ಅವರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ.

ಪ್ರಶ್ನೆ: ನನಗೆ 44 ವರ್ಷ, ದಿನಕ್ಕೆ 15 ಸಿಗರೇಟು ಸೇದುತ್ತೇನೆ. ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಳ್ಳಲು ಹೋದರೆ ಸರ್ಜನ್ನರು "ಮೊದಲು ಸಿಗರೇಟು ಬಿಡಿ, ಆಮೇಲೆ ತಾರೀಖು ಕೊಡುತ್ತೇನೆ" ಅಂದರು. ಎದೆಯ ಎಕ್ಸ್‌ರೇ ಸರಿಯಾಗಿದೆ. ಆಪರೇಷನ್ ಹೊಟ್ಟೆಗೆ ತಾನೇ, ಶ್ವಾಸಕೋಶಕ್ಕಲ್ಲವಲ್ಲ? ಇಷ್ಟು ಹಟ ಏಕೆ?

ಸಿಗರೇಟು ಅಂದರೆ ಶ್ವಾಸಕೋಶ ಎಂದೇ ಎಲ್ಲರೂ ಯೋಚಿಸುತ್ತಾರೆ. ನಿಮ್ಮ ಸರ್ಜನ್ನರ ಚಿಂತೆ ಮೊದಲು ಇರುವುದು ಹೊಟ್ಟೆಯೊಳಗಿನ ಹೊಲಿಗೆಯ ಬಗ್ಗೆ.

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ ಪುಟ್ಟ ಚೀಲವೊಂದನ್ನು ಉಳಿಸಿಕೊಂಡು, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಸ್ಲೀವ್ ಆಪರೇಷನ್ನಿನಲ್ಲಿ ಜಠರದ 75ರಿಂದ 80 ಶೇಕಡಾ ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದ ಕೊಳವೆಯ ಅಂಚನ್ನು ಸ್ಟೇಪಲ್ ಹಾಕಿ ಮುಚ್ಚುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚುಗಳು ಒಂದಕ್ಕೊಂದು ಕೂಡಿಕೊಂಡು ಮಾಯಬೇಕು. ಸ್ಟೇಪಲ್ಲು ಅಂಚುಗಳನ್ನು ಹಿಡಿದಿಡುತ್ತದೆ ಅಷ್ಟೆ, ಮಾಯಿಸುವ ಕೆಲಸ ರಕ್ತದ್ದು. ಸಿಗರೇಟು ಆ ರಕ್ತದ ಕೆಲಸವನ್ನು ಎರಡು ಕಡೆಯಿಂದ ಕೆಡಿಸುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದು ಅಂಚಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ, ತಲುಪಿದ ಅಲ್ಪ ರಕ್ತದಲ್ಲೂ ಆಮ್ಲಜನಕಕ್ಕೆ ಜಾಗ ಸಾಲುವುದಿಲ್ಲ.

ಅಂಚು ಮಾಯದಿದ್ದರೆ ಸೋರುತ್ತದೆ. ಸ್ಲೀವ್‌ನಲ್ಲಿ ಸೋರಿಕೆ ಹೆಚ್ಚಾಗಿ ಕಾಣುವುದು ಅನ್ನನಾಳ ಬಂದು ಸೇರುವ ಮೇಲ್ತುದಿಯ ಹತ್ತಿರ. ಸೋರಿಕೆ ಅಪರೂಪ, ಆದರೆ ಆಯಿತೆಂದರೆ ಜಠರದ ಆಮ್ಲ ಹೊಟ್ಟೆಯ ಪೊಳ್ಳಿನೊಳಗೆ ಹರಡಿ ಜ್ವರ, ನಾಡಿ ಓಟ, ಕೀವು ಶುರುವಾಗುತ್ತದೆ. ಮತ್ತೆ ಆಪರೇಷನ್, ವಾರಗಟ್ಟಲೆ ಆಸ್ಪತ್ರೆ ವಾಸ, ಬಾಯಿಗೆ ಆಹಾರವಿಲ್ಲದೆ ನಳಿಕೆಯಲ್ಲಿ ಪೋಷಣೆ, ಹೀಗೆ ಬೆಳೆಯುತ್ತಾ ಹೋಗುತ್ತದೆ.

ನೀವು ಮಾಡಿಸಿಕೊಳ್ಳುತ್ತಿರುವುದು ಬೈಪಾಸ್ ಆದ್ದರಿಂದ ಇನ್ನೊಂದು ವಿಷಯ ನಿಮಗೆ ಮುಖ್ಯ. ಚೀಲಕ್ಕೂ ಕರುಳಿಗೂ ಹಾಕಿದ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಇದನ್ನು ಮಾರ್ಜಿನಲ್ ಅಲ್ಸರ್ ಅನ್ನುತ್ತಾರೆ. ಜಠರದ ಒಳಪದರಕ್ಕೆ ಆಮ್ಲ ತಡೆಯುವ ಲೋಳೆಯ ರಕ್ಷಣೆ ಇದೆ, ಕರುಳಿನ ಆ ಭಾಗಕ್ಕೆ ಅಷ್ಟಿಲ್ಲ. ಅದರ ಮೇಲೆ ರಕ್ತವೂ ಕಡಿಮೆಯಾದರೆ ಹುಣ್ಣಿಗೆ ದಾರಿ ಸಲೀಸು. ಈ ಹುಣ್ಣಿಗೆ ಗೊತ್ತಿರುವ ದೊಡ್ಡ ಕಾರಣಗಳಲ್ಲಿ ತಂಬಾಕು ಒಂದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಮತ್ತು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಉಳಿದವು. ಹುಣ್ಣು ರಕ್ತ ಕಾರಬಹುದು, ತೂತಾಗಬಹುದು, ಮಾಯುತ್ತಾ ಕುಗ್ಗಿ ಜೋಡಣೆಯ ಬಾಯನ್ನೇ ಕಿರಿದಾಗಿಸಬಹುದು.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ಆಪರೇಷನ್ನಿನ ನಂತರ ಆಗುವ ಸಾವುಗಳಿಗೆ ಮುಖ್ಯ ಕಾರಣಗಳಲ್ಲೊಂದು. ಅತಿತೂಕವೇ ಆ ಅಪಾಯವನ್ನು ಹೆಚ್ಚಿಸಿರುತ್ತದೆ, ಹೊಗೆ ರಕ್ತವನ್ನು ಇನ್ನಷ್ಟು ಹೆಪ್ಪುಗಟ್ಟುವಂತೆ ಮಾಡುತ್ತದೆ.

ಇನ್ನು ಎಕ್ಸ್‌ರೇ. ಅದರಲ್ಲಿ ನ್ಯುಮೋನಿಯಾ ಕಾಣುತ್ತದೆ, ಗೆಡ್ಡೆ ಕಾಣುತ್ತದೆ. ಕಫ ಹೊರಹಾಕುವ ಸೂಕ್ಷ್ಮ ರೋಮಗಳು ಸುಸ್ತಾಗಿರುವುದು ಕಾಣುವುದಿಲ್ಲ, ಅರಿವಳಿಕೆಗೆಂದು ಗಂಟಲಿನೊಳಗೆ ಉಸಿರಿನ ನಳಿಕೆ ಇಳಿಸುವಾಗ ಶ್ವಾಸನಾಳ ತಟ್ಟನೆ ಬಿಗಿದುಕೊಳ್ಳುವ ಸ್ವಭಾವವೂ ಕಾಣುವುದಿಲ್ಲ. ಹೊಟ್ಟೆಯ ಭಾರಕ್ಕೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತಿಕೊಂಡಿರುವವರಲ್ಲಿ ಅರಿವಳಿಕೆ ಕೊಟ್ಟಾಗ ಶ್ವಾಸಕೋಶದ ಕೆಳಭಾಗ ಮುದುಡುವುದು ಸಾಮಾನ್ಯ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಅತಿತೂಕದವರಲ್ಲಿ ಹೆಚ್ಚು. ಇವೆರಡರ ಜೊತೆ ಕಫವೂ ಕೂಡಿಕೊಂಡರೆ ನ್ಯುಮೋನಿಯಾಕ್ಕೆ ಬೇರೆ ಕಾರಣ ಬೇಕಿಲ್ಲ.

ನಿಮ್ಮ ಸರ್ಜನ್ನರು ಸರಿಯಾದದ್ದನ್ನೇ ಹೇಳಿದ್ದಾರೆ. ತುರ್ತು ಆಪರೇಷನ್ನಾಗಿದ್ದರೆ ಸೇದುವವರಿಗೂ ಮಾಡಲೇಬೇಕಾಗುತ್ತದೆ. ಇದು ದಿನ ಆರಿಸಿಕೊಂಡು ಮಾಡುವ ಆಪರೇಷನ್, ತಪ್ಪಿಸಬಹುದಾದ ಅಪಾಯವನ್ನು ಹೊತ್ತು ಒಳಗೆ ಹೋಗುವ ಅಗತ್ಯವಿಲ್ಲ.

ಪ್ರಶ್ನೆ: ಎಷ್ಟು ದಿನ ಮುಂಚೆ ಬಿಡಬೇಕು? ಒಬ್ಬರು 4 ವಾರ ಅನ್ನುತ್ತಾರೆ, ಇನ್ನೊಬ್ಬರು 6 ವಾರ, ಮತ್ತೊಬ್ಬರು ಒಂದು ವರ್ಷ. ಆಪರೇಷನ್ ಹತ್ತಿರ ಬಂದಾಗ ಬಿಟ್ಟರೆ ಕಫ ಹೆಚ್ಚಾಗಿ ಅಪಾಯ ಅಂತಲೂ ಕೇಳಿದ್ದೇನೆ.

ಮೂರು ಅಂಕಿಗಳಿಗೂ ಆಧಾರವಿದೆ. ಅಮೆರಿಕದ ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್) ಮತ್ತು ಎಂಡೋಕ್ರೈನ್ (ಹಾರ್ಮೋನು) ತಜ್ಞರ ಸಂಘಗಳು ಸೇರಿ 2019ರಲ್ಲಿ ಹೊರತಂದ ಮಾರ್ಗಸೂಚಿ ಸಾಧ್ಯವಾದರೆ ಒಂದು ವರ್ಷ ಮುಂಚೆ, ಏನಿಲ್ಲವೆಂದರೂ 6 ವಾರ ಮುಂಚೆ ಬಿಡಬೇಕು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಎಲ್ಲ ಬಗೆಯ ಆಪರೇಷನ್ನುಗಳಿಗೂ ಅನ್ವಯಿಸುವ ಮಾತು: ಸುಮಾರು 4 ವಾರ ಮುಂಚೆ ಬಿಟ್ಟವರಲ್ಲಿ ತೊಡಕುಗಳು ಕಡಿಮೆ, ಅಲ್ಲಿಂದ ಮುಂದೆ ಪ್ರತಿ ವಾರಕ್ಕೂ ಲಾಭ ಹೆಚ್ಚುತ್ತಾ ಹೋಗುತ್ತದೆ. ಒಂದೊಂದು ಆಸ್ಪತ್ರೆಯ ನಿಯಮ ಒಂದೊಂದು ಥರ, 3 ತಿಂಗಳು ಕೇಳುವವರೂ ಇದ್ದಾರೆ. ನಿಮ್ಮ ತಂಡದ ನಿಯಮವೇ ನಿಮಗೆ ಲೆಕ್ಕ.

ದೇಹ ಸುಧಾರಿಸುವ ವೇಗವೂ ಒಂದೊಂದಕ್ಕೆ ಒಂದೊಂದು. ಕಾರ್ಬನ್ ಮೊನಾಕ್ಸೈಡು 4ರಿಂದ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ಒಂದು ದಿನದಲ್ಲಿ ಬಹುಪಾಲು ಹೋಗುತ್ತದೆ. ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧವಾಗುತ್ತದೆ. ಗಾಯ ಮಾಯುವ ಶಕ್ತಿ, ಸೋಂಕು ಎದುರಿಸುವ ಶಕ್ತಿ, ಕಫ ಹೊರಹಾಕುವ ಶಕ್ತಿ ಮರಳುವುದಕ್ಕೆ ಮಾತ್ರ ವಾರಗಳೇ ಬೇಕು. 4, 6 ಎಂಬ ಅಂಕಿಗಳು ಬಂದಿರುವುದು ಇದರಿಂದ.

ಕಫದ ವಿಷಯಕ್ಕೆ ಬಂದರೆ, ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುವುದು ನಿಜ. ಅದನ್ನೇ ನೆಪ ಮಾಡಿಕೊಂಡು "ಹತ್ತಿರ ಬಂದಾಗ ಬಿಡುವುದಕ್ಕಿಂತ ಸೇದುತ್ತಲೇ ಇರುವುದು ಮೇಲು" ಎಂಬ ಮಾತು ಹುಟ್ಟಿಕೊಂಡಿತು. ಆಮೇಲೆ ನಡೆದ ವಿಮರ್ಶೆಗಳಲ್ಲಿ ಅದಕ್ಕೆ ಪುರಾವೆ ಸಿಕ್ಕಿಲ್ಲ. ಉಳಿದಿರುವುದು ಹತ್ತೇ ದಿನವಾದರೂ ಇವತ್ತೇ ಬಿಡಿ. ತಾರೀಖು ಮುಂದೆ ಹಾಕಬೇಕೇ ಎಂಬುದನ್ನು ತಂಡ ನೋಡಿಕೊಳ್ಳುತ್ತದೆ.

ಪ್ರಶ್ನೆ: 20ರಿಂದ 4ಕ್ಕೆ ಇಳಿಸಿದ್ದೇನೆ. ಸಾಲದೇ?

ಸಾಲದು. ಕಡಿಮೆ ಸೇದುವವರು ತಮಗೇ ಗೊತ್ತಿಲ್ಲದಂತೆ ಪ್ರತಿ ದಮ್ಮನ್ನೂ ಆಳವಾಗಿ ಎಳೆಯುತ್ತಾರೆ, ತುದಿಯವರೆಗೂ ಸೇದುತ್ತಾರೆ. ಎಣಿಕೆ ಐದನೇ ಒಂದಕ್ಕೆ ಇಳಿದರೂ ನಿಕೋಟಿನ್ ಅಷ್ಟು ಇಳಿಯುವುದಿಲ್ಲ. ನಾಲ್ಕಕ್ಕೆ ತಂದವರಿಗೆ ಉಳಿದಿರುವುದು ಸಾಮಾನ್ಯವಾಗಿ ಬಿಡಲು ಅತ್ಯಂತ ಕಷ್ಟವಾದ ನಾಲ್ಕು: ಎದ್ದ ಕೂಡಲೇ ಒಂದು, ಊಟದ ಮೇಲೊಂದು, ಹೀಗೆ. ಅವಕ್ಕೆ ಇನ್ನೂ ಒಂದು ತಿಂಗಳು ಕೊಡದೆ ಔಷಧಿಯ ಸಹಾಯ ತೆಗೆದುಕೊಂಡು ಒಂದೇ ದಿನ ಬಿಡಿ.

ಪ್ರಶ್ನೆ: ನಮ್ಮ ಯಜಮಾನರು ಎದ್ದ ಐದು ನಿಮಿಷಕ್ಕೆ ಸಿಗರೇಟು ಹಚ್ಚುವವರು. ಎರಡು ಸಲ ಬಿಟ್ಟು ಮೂರನೇ ದಿನಕ್ಕೇ ಮತ್ತೆ ಶುರು ಮಾಡಿದರು. ಆಪರೇಷನ್ನಿಗೆ ಮೂರು ತಿಂಗಳಿದೆ. ಪ್ಯಾಚು, ಗಮ್ಮು, ಮಾತ್ರೆ ಅನ್ನುತ್ತಾರಲ್ಲ, ಯಾವುದನ್ನು ಹೇಗೆ ಬಳಸಬೇಕು? ಅವರನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ.

ಮೂರನೇ ದಿನ ಸೋತದ್ದು ಅವರ ಮನಸ್ಸಿನ ದೌರ್ಬಲ್ಯವಲ್ಲ, ತಾಯಿ. ತುಡಿತ, ಸಿಡುಕು, ನಿದ್ದೆಗೇಡು ಅತಿ ಜೋರಾಗಿರುವುದೇ ಎರಡನೇ, ಮೂರನೇ ದಿನ. ಎದ್ದು 30 ನಿಮಿಷದೊಳಗೆ ಹಚ್ಚುವವರ ದೇಹ ನಿಕೋಟಿನ್ನಿಗೆ ಗಾಢವಾಗಿ ಅಂಟಿಕೊಂಡಿರುತ್ತದೆ. ಅಂಥವರು ಔಷಧಿಯಿಲ್ಲದೆ ಹೋರಾಡಬೇಕೆಂದು ನಾವು ಹೇಳುವುದಿಲ್ಲ. ಮೂರು ತಿಂಗಳಿರುವುದು ಒಳ್ಳೆಯದಾಯಿತು, ಆದರೆ ಈ ವಾರವೇ ಶುರುವಾಗಬೇಕು. ಏಕೆಂದರೆ ಔಷಧಿಯ ಅವಧಿಗಳು ನೀವೆಣಿಸಿದ್ದಕ್ಕಿಂತ ಉದ್ದ.

ಮೊದಲು ಪ್ಯಾಚು. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಮಿನದು 6 ವಾರ, ಆಮೇಲೆ 14 ಮಿಲಿಗ್ರಾಮಿನದು 2 ವಾರ, 7 ಮಿಲಿಗ್ರಾಮಿನದು 2 ವಾರ. ಹತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ 14ರಿಂದ ಶುರು ಮಾಡಿ 6 ವಾರ, ನಂತರ 7ರದು 2 ವಾರ. ಬೆಳಿಗ್ಗೆ ಎದ್ದೊಡನೆ ತೋಳಿನ ಮೇಲ್ಭಾಗ, ಎದೆ ಅಥವಾ ಬೆನ್ನಿನ ಮೇಲೆ ಕೂದಲಿಲ್ಲದ, ಎಣ್ಣೆ ಲೋಷನ್ ಹಚ್ಚದ ಒಣ ಚರ್ಮಕ್ಕೆ ಅಂಟಿಸಿ 10 ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಬೇಕು. ಮರುದಿನ ಬೇರೆ ಜಾಗ, ಅದೇ ಜಾಗಕ್ಕೆ ಒಂದು ವಾರ ಮರಳಬಾರದು. ಇಲ್ಲದಿದ್ದರೆ ಚರ್ಮ ಕೆಂಪಾಗಿ ತುರಿಸುತ್ತದೆ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ತೆಗೆಯಬಹುದು. ತೆಗೆದದ್ದನ್ನು ಅಂಟುವ ಬದಿ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ, ಬಳಸಿದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ.

ಪ್ಯಾಚು ದಿನವಿಡೀ ಒಂದೇ ಸಮ ನಿಕೋಟಿನ್ ಕೊಡುತ್ತದೆ, ತಟ್ಟನೆ ಏಳುವ ತುಡಿತಕ್ಕೆ ಅದು ಸಾಲದು. ಅದಕ್ಕೇ ಜೊತೆಗೆ ಗಮ್ಮು ಅಥವಾ ಬಾಯಲ್ಲಿಟ್ಟು ಚೀಪುವ ಲಾಜೆಂಜು. ಎರಡನ್ನೂ ಕೂಡಿಸಿ ಬಳಸಿದವರು ಒಂದನ್ನೇ ಬಳಸಿದವರಿಗಿಂತ ಹೆಚ್ಚು ಯಶಸ್ವಿಯಾಗುತ್ತಾರೆ. ನಿಮ್ಮ ಯಜಮಾನರಂತೆ ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಮಿನದು, ತಡವಾಗಿ ಸೇದುವವರಿಗೆ 2 ಮಿಲಿಗ್ರಾಮಿನದು. ಗಮ್ಮನ್ನೇ ನೆಚ್ಚಿಕೊಂಡವರು ಮೊದಲ 6 ವಾರ 1–2 ಗಂಟೆಗೊಂದರಂತೆ ಬಳಸುತ್ತಾರೆ, ದಿನಕ್ಕೆ 24 ಮೀರಬಾರದು. ಪ್ಯಾಚಿನ ಜೊತೆಗಾದರೆ ತುಡಿತ ಬಂದಾಗ ಮಾತ್ರ.

ಗಮ್ಮು ಫಲ ಕೊಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಮಾಮೂಲಿ ಚೂಯಿಂಗ್ ಗಮ್ಮಿನ ಹಾಗೆ ಜಗಿದಿರುತ್ತಾರೆ. ಹಾಗೆ ಜಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ತರುತ್ತದೆ. ತುಡಿತ ಹಾಗೇ ಇರುತ್ತದೆ. ನಿಕೋಟಿನ್ ಒಳಸೇರಬೇಕಾದದ್ದು ಕೆನ್ನೆಯ ಒಳಚರ್ಮದಿಂದ. ನಿಧಾನವಾಗಿ ಕೆಲವು ಸಲ ಜಗಿಯಿರಿ, ಬಾಯಿ ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು ಸುಮ್ಮನಿರಿ. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿದು ಇನ್ನೊಂದು ಬದಿಗಿಡಿ. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ 15 ನಿಮಿಷ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ.

ಮಾತ್ರೆಗಳಲ್ಲಿ ಮುಖ್ಯವಾದದ್ದು ವರೆನಿಕ್ಲಿನ್. ಇದರಲ್ಲಿ ನಿಕೋಟಿನ್ ಇಲ್ಲ. ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲಿ ತಾನು ಕೂತು ತುಡಿತವನ್ನೂ ಇಳಿಸುತ್ತದೆ, ಸೇದಿದರೂ ಹಿಂದಿನ ಹಿತ ಸಿಗದಂತೆ ಮಾಡುತ್ತದೆ. ಮೊದಲ 3 ದಿನ 0.5 ಮಿಲಿಗ್ರಾಮು ದಿನಕ್ಕೊಂದು ಸಲ, 4ರಿಂದ 7ನೇ ದಿನ 0.5 ಎರಡು ಹೊತ್ತು, 8ನೇ ದಿನದಿಂದ 1 ಮಿಲಿಗ್ರಾಮು ಎರಡು ಹೊತ್ತು, ಒಟ್ಟು 12 ವಾರ. ಸಾಮಾನ್ಯವಾಗಿ 8ನೇ ದಿನವೇ ಸಿಗರೇಟು ಬಿಡುವ ದಿನ. ವಾಕರಿಕೆ ಇದರ ಸಾಮಾನ್ಯ ಕಿರಿಕಿರಿ, ಊಟವಾದ ಮೇಲೆ ಲೋಟ ತುಂಬ ನೀರಿನೊಂದಿಗೆ ನುಂಗಿದರೆ ಕಡಿಮೆಯಾಗುತ್ತದೆ. ಕಿಡ್ನಿ ತೀರಾ ಕೆಟ್ಟಿದ್ದರೆ ಪ್ರಮಾಣ ಇಳಿಸಬೇಕು. ಬ್ಯುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆ ಇದೆ. ಮೂರ್ಛೆರೋಗ ಇದ್ದವರಿಗೆ, ವಿಪರೀತ ತಿಂದು ಬೇಕೆಂದೇ ವಾಂತಿ ಮಾಡುವ ಕಾಯಿಲೆ ಇದ್ದವರಿಗೆ, ಅದು ಹಿಂದೆ ಇದ್ದವರಿಗೂ, ಇದನ್ನು ಕೊಡುವಂತಿಲ್ಲ. ತೂಕದ ಆಪರೇಷನ್ನಿಗೆ ಬರುವವರಲ್ಲಿ ಕೆಲವರು ಈ ಕಾಯಿಲೆಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ.

ಈಗ ಲೆಕ್ಕ ಹಾಕೋಣ. ದೊಡ್ಡ ಪ್ಯಾಚಿನಿಂದ ಶುರು ಮಾಡಿದರೆ 6, 2, 2 ಸೇರಿ 10 ವಾರ. ಆಪರೇಷನ್ ದಿನ ದೇಹದಲ್ಲಿ ನಿಕೋಟಿನ್ನೇ ಇರಬಾರದು ಎನ್ನುವ ತಂಡವಾದರೆ ಪರೀಕ್ಷೆ ಶುದ್ಧವಾಗಿ ಬರಲು ಇನ್ನೆರಡು ವಾರ ಬೇಕು. ಅಲ್ಲಿಗೆ 12 ವಾರ ಮುಗಿಯಿತು. ವರೆನಿಕ್ಲಿನ್ ಕೂಡ 12 ವಾರ. ಆಪರೇಷನ್ನಿನ ನಂತರದ ಮೊದಲ ವಾರಗಳಲ್ಲಿ ವಾಕರಿಕೆ, ವಾಂತಿ ಬೇಡವೇ ಬೇಡ, ಹೊಸ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಮಾತ್ರೆಯ ಅವಧಿ ಮುಂಚೆಯೇ ಮುಗಿಯುವಂತೆ ನೋಡಿಕೊಳ್ಳುವುದು ಜಾಣತನ. ಅದಕ್ಕೇ ಈ ವಾರವೇ ಶುರುವಾಗಬೇಕು ಎಂದದ್ದು. ತಂಡವನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಆಪರೇಷನ್ ಹೊತ್ತಿಗೆ ಪ್ಯಾಚು ಇದ್ದರೆ ಒಪ್ಪುತ್ತೀರಾ?" ಪ್ಯಾಚಿನಲ್ಲಿ ಕಾರ್ಬನ್ ಮೊನಾಕ್ಸೈಡು ಇಲ್ಲ, ನಿಕೋಟಿನ್ ನಿಧಾನವಾಗಿ ಬರುತ್ತದೆ, ಸಿಗರೇಟಿಗಿಂತ ಯಾವ ಲೆಕ್ಕದಲ್ಲೂ ಮೇಲು ಎಂದು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಉತ್ತರ ನೋಡಿಕೊಂಡು ಔಷಧಿ ಆರಿಸಿಕೊಳ್ಳಿ.

ನೀವು ಮಾಡಬಹುದಾದದ್ದೂ ಇದೆ. ಬಿಡುವ ದಿನಕ್ಕೆ ಮುಂಚೆ ಮೂರು ನಾಲ್ಕು ದಿನ ಅವರು ಪ್ರತಿ ಸಿಗರೇಟನ್ನೂ ಎಷ್ಟು ಹೊತ್ತಿಗೆ, ಯಾವ ಕೆಲಸದ ನಡುವೆ ಸೇದಿದರೆಂದು ಬರೆದಿಡಲಿ. ಆ ಪಟ್ಟಿ ನೋಡಿ ಆಯಾ ಹೊತ್ತಿಗೆ ಬೇರೆ ಏನು ಮಾಡುವುದೆಂದು ಇಬ್ಬರೂ ಕೂತು ಗೊತ್ತು ಮಾಡಿ. ಮನೆ, ಗಾಡಿ, ಜೇಬಿನಲ್ಲಿರುವ ಸಿಗರೇಟು, ಲೈಟರು, ಬೂದಿಬಟ್ಟಲು ಹಿಂದಿನ ರಾತ್ರಿಯೇ ಹೊರಗೆ ಹೋಗಲಿ. ಒಂದೊಂದು ತುಡಿತ ಕೆಲವೇ ನಿಮಿಷದ್ದು. ಆ ಹೊತ್ತಿನಲ್ಲಿ ನೀರು, ನಡಿಗೆ, ಒಂದು ಫೋನು ಮಾತು ಸಾಕು. ಸಿಡುಕಿದಾಗ ವಾದಕ್ಕಿಳಿಯಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಅದು ತಣ್ಣಗಾಗುತ್ತದೆ.

ಪ್ರಶ್ನೆ: ರಕ್ತ ಅಥವಾ ಮೂತ್ರ ಪರೀಕ್ಷೆಯಲ್ಲಿ ಸೇದಿದ್ದು ಎಷ್ಟು ದಿನದವರೆಗೆ ಗೊತ್ತಾಗುತ್ತದೆ? ನಾನು ಪ್ಯಾಚು ಹಾಕಿಕೊಂಡಿದ್ದೇನೆ. ಮನೆಯಲ್ಲಿ ಅಪ್ಪ ಸೇದುತ್ತಾರೆ. ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತೇನೆಯೇ?

ಪರೀಕ್ಷೆ ನೋಡುವುದು ಕೊಟಿನಿನ್ ಎಂಬುದನ್ನು, ನಿಕೋಟಿನ್ ದೇಹದಲ್ಲಿ ಒಡೆದಾಗ ಆಗುವ ವಸ್ತು ಅದು. ಸುಮಾರು 16ರಿಂದ 20 ಗಂಟೆಗೊಮ್ಮೆ ಅರ್ಧವಾಗುತ್ತದೆ. ಹೀಗಾಗಿ ಹಲವು ದಿನ, ಹೆಚ್ಚು ಸೇದುವವರ ಮೂತ್ರದಲ್ಲಿ ಒಂದು ವಾರಕ್ಕೂ ಮೀರಿ ಕಾಣಬಹುದು. ಪ್ಯಾಚು, ಗಮ್ಮು ಬಳಸುವವರಲ್ಲೂ ಕೊಟಿನಿನ್ ಇದ್ದೇ ಇರುತ್ತದೆ, ಆದ್ದರಿಂದ ಮಾದರಿ ಕೊಡುವ ಮುಂಚೆಯೇ ಹೇಳಿ. ಆಗ ಬೇರೆ ದಾರಿಗಳಿವೆ. ಅನಬಸಿನ್ ಎಂಬುದು ತಂಬಾಕಿನಲ್ಲಿ ಇರುತ್ತದೆ, ಪ್ಯಾಚಿನಲ್ಲಿ ಇರುವುದಿಲ್ಲ. ಮೂತ್ರದಲ್ಲಿ ಅದನ್ನು ಹುಡುಕಬಹುದು. ಇಲ್ಲವೇ ಉಸಿರು ಊದಿಸಿ ಕಾರ್ಬನ್ ಮೊನಾಕ್ಸೈಡು ಅಳೆಯಬಹುದು. ಅದು ಕಳೆದ ಕೆಲವು ಗಂಟೆಗಳಿಂದ ಒಂದು ದಿನದವರೆಗಿನ ಸೇದುವಿಕೆಯನ್ನಷ್ಟೇ ತೋರಿಸುತ್ತದೆ.

ಬೇರೆಯವರ ಹೊಗೆಯಿಂದ ಕೊಟಿನಿನ್ ಸ್ವಲ್ಪ ಏರಬಹುದಾದರೂ ಸೇದುವವರ ಮಟ್ಟಕ್ಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೂ ಅಪ್ಪನಿಗೆ ಮನೆಯ ಹೊರಗೆ ಹೋಗಿ ಸೇದಲು ಹೇಳಿ. ಹೊಗೆಯ ವಾಸನೆಯೇ ನಿಮ್ಮ ತುಡಿತವನ್ನು ಎಬ್ಬಿಸುತ್ತದೆ, ಪರೀಕ್ಷೆಗಿಂತ ಅದು ದೊಡ್ಡ ಅಪಾಯ.

ಪ್ರಶ್ನೆ: ಸಿಗರೇಟು ಬದಲು ವೇಪ್ (ಇ-ಸಿಗರೇಟು) ಅಥವಾ ಹುಕ್ಕಾ ಆದೀತೇ? ಜಗಿಯುವ ತಂಬಾಕಿನಲ್ಲಿ ಹೊಗೆಯೇ ಇಲ್ಲವಲ್ಲ?

ಮೂರೂ ಆಗದು. ವೇಪ್‌ನಲ್ಲೂ ಜಗಿಯುವ ತಂಬಾಕಿನಲ್ಲೂ ನಿಕೋಟಿನ್ ಇದೆ, ರಕ್ತನಾಳ ಬಿಗಿಯುವುದು ಅದೇ. ಹುಕ್ಕಾದಲ್ಲಿ ನಿಕೋಟಿನ್ ಜೊತೆಗೆ ಕೆಂಡದ ಕಾರ್ಬನ್ ಮೊನಾಕ್ಸೈಡೂ ಧಾರಾಳ. ನೀರಿನ ಮೂಲಕ ಬಂದರೆ ಶುದ್ಧವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಪ್ರಶ್ನೆ: ಸಿಗರೇಟು ಬಿಟ್ಟರೆ ದಪ್ಪ ಆಗುತ್ತೇನೆ. ತೂಕ ಇಳಿಸಲೆಂದೇ ಆಪರೇಷನ್ನಿಗೆ ಹೊರಟವಳು ನಾನು. ಈ ಕಡೆ ಡಯೆಟ್ ಬೇರೆ ಶುರು ಮಾಡಬೇಕಂತೆ. ಎರಡನ್ನೂ ಹೇಗೆ ನಿಭಾಯಿಸಲಿ?

ನಿಮ್ಮ ಭಯಕ್ಕೆ ಕಾರಣವಿದೆ. ನಿಕೋಟಿನ್ ಹಸಿವನ್ನು ತಗ್ಗಿಸುತ್ತದೆ, ದೇಹ ಕ್ಯಾಲೊರಿ ಸುಡುವ ವೇಗವನ್ನು ತುಸು ಹೆಚ್ಚಿಸುತ್ತದೆ. ಬಿಟ್ಟಾಗ ಎರಡೂ ತಿರುಗಿಬೀಳುತ್ತವೆ, ನಾಲಿಗೆಯ ರುಚಿಯೂ ಮರಳುತ್ತದೆ. ಬಿಟ್ಟವರಲ್ಲಿ ಮೊದಲ ವರ್ಷ ಸರಾಸರಿ 4ರಿಂದ 5 ಕೆಜಿ ಏರಿಕೆ ಕಂಡಿದೆ, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ. ಇದು ಸರಾಸರಿ, ತೂಕ ಏರದವರೂ ಇಳಿದವರೂ ಇದ್ದಾರೆ. ಆಪರೇಷನ್ನಿನಿಂದ ಇಳಿಯುವ ತೂಕದ ಮುಂದೆ ಇದು ಸಣ್ಣದು. ಸೋರಿಕೆಗೋ ಹೆಪ್ಪುಗಟ್ಟಿದ ರಕ್ತಕ್ಕೋ ಹಾಗೆ ಹೇಳುವಂತಿಲ್ಲ.

ನೀವು ಹೇಳುವ ಡಯೆಟ್ ಯಕೃತ್ತನ್ನು ಕುಗ್ಗಿಸುವುದಕ್ಕೆ. ಕೊಬ್ಬು ತುಂಬಿ ಊದಿದ ಯಕೃತ್ತು ಜಠರದ ಮೇಲೆ ಚಾಚಿಕೊಂಡು ಸರ್ಜನ್ನರಿಗೆ ದಾರಿ ಬಿಡುವುದಿಲ್ಲ. ಆಪರೇಷನ್ನಿಗೆ ಮುನ್ನ 2ರಿಂದ 4 ವಾರ ದಿನಕ್ಕೆ ಸುಮಾರು 800–1000 ಕ್ಯಾಲೊರಿಯಲ್ಲಿ ಇಡುವುದು ಇದಕ್ಕೇ. ಸಿಗರೇಟು ಬಿಡುವುದನ್ನೂ ಈ ಡಯೆಟ್ಟನ್ನೂ ಒಂದೇ ದಿನ ಶುರು ಮಾಡಬೇಡಿ. ಹಸಿವೂ ತುಡಿತವೂ ಒಟ್ಟಿಗೆ ಬಂದರೆ ಎರಡೂ ಕೈಬಿಟ್ಟುಹೋಗುತ್ತವೆ. ಸಿಗರೇಟು ಮೊದಲು ಹೋಗಲಿ. 6 ವಾರದ ನಿಯಮ ಪಾಲಿಸಿದರೆ ಡಯೆಟ್ಟಿನ ಹೊತ್ತಿಗೆ ಕೆಟ್ಟ ದಿನಗಳು ಕಳೆದಿರುತ್ತವೆ.

ಆ ನಡುವಿನ ವಾರಗಳಲ್ಲಿ ಕಟ್ಟುನಿಟ್ಟಾಗಿ ತೂಕ ಇಳಿಸಲು ಹೊರಡದೆ, ಏರದಂತೆ ನೋಡಿಕೊಂಡರೆ ಸಾಕು. ಹೊತ್ತು ಹೊತ್ತಿಗೆ ಪ್ರೋಟೀನು ಇರುವ ಊಟ, ಬಾಯಾಡಿಸಲು ಸೌತೆ, ಕ್ಯಾರೆಟ್ಟು, ಊಟವಾದ ಕೂಡಲೇ ಹತ್ತು ನಿಮಿಷದ ನಡಿಗೆ. ಸಿಗರೇಟಿನ ಜಾಗಕ್ಕೆ ಸಿಹಿ ಬಂದು ಕೂತುಬಿಟ್ಟರೆ ಆಪರೇಷನ್ನಿನ ನಂತರ ಅದನ್ನು ಬಿಡಿಸುವುದು ಇನ್ನೊಂದು ಕಷ್ಟ. ನಿಕೋಟಿನ್ ಗಮ್ಮು, ಪ್ಯಾಚು, ಬ್ಯುಪ್ರೊಪಿಯಾನ್ ಬಳಸುವಾಗ ತೂಕದ ಏರಿಕೆ ತಡವಾಗುತ್ತದೆ. ನಿಮ್ಮ ತಂಡ ಇಂತಿಷ್ಟು ತೂಕ ಇಳಿಸಿ ಬನ್ನಿ ಎಂದಿದ್ದರೆ, ಸಿಗರೇಟು ಬಿಡುತ್ತಿರುವ ವಿಷಯವನ್ನು ಆಹಾರ ತಜ್ಞರಿಗೆ ಈಗಲೇ ತಿಳಿಸಿ.

ಪ್ರಶ್ನೆ: ಬಿಟ್ಟು ಒಂದು ವಾರವಾಯಿತು. ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ನಿದ್ದೆ ಇಲ್ಲ. ಸಿಗರೇಟಿಲ್ಲದ್ದಕ್ಕೆ ಹೀಗೆಯೇ? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ.

ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ. ಹೊಗೆ ನಿಂತ ಮೇಲೆ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡತೊಡಗಬಹುದು, ಹಳೆಯ ಪ್ರಮಾಣ ಈಗ ಜಾಸ್ತಿಯಾಗಿ ಸಕ್ಕರೆ ಕುಸಿಯುತ್ತಿರಬಹುದು. ನಡುಕ, ಎದೆಬಡಿತ ಅದರ ಲಕ್ಷಣಗಳೂ ಹೌದು. ಕೆಲವು ವಾರ ಮಾಮೂಲಿಗಿಂತ ಹೆಚ್ಚು ಸಲ ಪರೀಕ್ಷಿಸಿ, ಅಂಕಿಗಳನ್ನು ವೈದ್ಯರಿಗೆ ತೋರಿಸಿ.

ಸಕ್ಕರೆ ಸರಿಯಿದ್ದರೆ ಕಾಫಿಯನ್ನು ಅನುಮಾನಿಸಿ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತರೆ ಕಿಣ್ವ ನಿಧಾನವಾಗುತ್ತದೆ, ಅದೇ ಎರಡು ಲೋಟ ಕಾಫಿ ಈಗ ಇನ್ನೂ ಹೆಚ್ಚು ಲೋಟ ಕುಡಿದಷ್ಟು ಏರುತ್ತದೆ. ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ನಿದ್ದೆ ಬಾರದಿರುವುದಕ್ಕೆ ಸಿಗರೇಟಿನ ಅಗಲಿಕೆಯನ್ನೇ ದೂರಿ ಮತ್ತೆ ಸೇದಲು ಶುರು ಮಾಡಿದವರು ಬಹಳ ಮಂದಿ. ಇದೇ ಕಿಣ್ವದ ಕಾರಣ ಕ್ಲೊಜಪಿನ್, ಓಲಂಜಪಿನ್, ಥಿಯೋಫಿಲಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಔಷಧಿ ಏರಬಹುದು. ಅವರು ಬಿಡುವ ದಿನವನ್ನು ಆ ಔಷಧಿ ಬರೆದುಕೊಟ್ಟ ವೈದ್ಯರಿಗೆ ಮುಂಚಿತವಾಗಿ ಹೇಳಲೇಬೇಕು.

ಪ್ರಶ್ನೆ: ಬೈಪಾಸ್ ಆಗಿ ಒಂದು ವರ್ಷ. 38 ಕೆಜಿ ಇಳಿದಿದ್ದೇನೆ, ಗಾಯ ಎಂದೋ ಮಾಯಿತು. ಈಗ ಗೆಳೆಯರ ಜೊತೆ ವಾರಕ್ಕೆ ಒಂದೆರಡು ಸೇದಿದರೆ ತೊಂದರೆ ಏನು?

ಚರ್ಮದ ಮೇಲಿನ ಗಾಯ ಮಾಯಿದೆ. ಒಳಗಿನ ಜೋಡಣೆಗೆ ಆಮ್ಲ ಈಗಲೂ ತಾಗುತ್ತಲೇ ಇರುತ್ತದೆ. ಮಾರ್ಜಿನಲ್ ಅಲ್ಸರ್ ಮೊದಲ ತಿಂಗಳುಗಳಲ್ಲಿ ಮಾತ್ರವಲ್ಲ, ವರ್ಷಗಳ ನಂತರವೂ ಆಗುತ್ತದೆ. ಅದಕ್ಕೇ ಮಾರ್ಗಸೂಚಿಗಳು ತಂಬಾಕನ್ನು ಆಪರೇಷನ್ನಿನವರೆಗೆ ಮಾತ್ರವಲ್ಲ, ಜೀವಮಾನವಿಡೀ ಬೇಡ ಅನ್ನುತ್ತವೆ. ಇನ್ನೊಂದು ಮಾತು: ಗೆಳೆಯರ ಜೊತೆ ಅಂದರೆ ಮದ್ಯವೂ ಇರಬಹುದು. ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬಹಳ ಬೇಗ, ಹೆಚ್ಚಿನ ಮಟ್ಟದಲ್ಲಿ ಏರುತ್ತದೆ. ಆ ಅಮಲಿನಲ್ಲಿ ಎರಡು ಸಿಗರೇಟು ನಾಲ್ಕಾಗುವುದು ತಿಳಿಯುವುದೇ ಇಲ್ಲ.

ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಅಥವಾ ಕೊರೆಯುವ ನೋವು, ತಿಂದೊಡನೆ ನೋವು, ವಾಕರಿಕೆ ಕಂಡರೆ ತಡಮಾಡದೆ ಸರ್ಜನ್ನರಿಗೆ ತೋರಿಸಿ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡರೆ ಆಮ್ಲ ತಗ್ಗಿಸುವ ಮಾತ್ರೆ ತಿಂಗಳುಗಟ್ಟಲೆ ಬೇಕು. ಬೈಪಾಸ್ ಆದವರಿಗೆ ಆ ಕ್ಯಾಪ್ಸೂಲನ್ನು ಬಿಡಿಸಿ ತೆಗೆದುಕೊಳ್ಳಲು ಹೇಳುವುದುಂಟು, ಪುಟ್ಟ ಚೀಲದಲ್ಲಿ ಇಡೀ ಕ್ಯಾಪ್ಸೂಲು ಕರಗುವಷ್ಟು ಹೊತ್ತು ನಿಲ್ಲುವುದಿಲ್ಲ. ಸೇದುತ್ತಲೇ ಮಾತ್ರೆ ನುಂಗಿದರೆ ಹುಣ್ಣು ಮಾಯುವುದು ಕಷ್ಟ, ಮಾಯಿದರೂ ಮರಳುತ್ತದೆ. ಕಪ್ಪು ಟಾರಿನಂಥ ಮಲ, ರಕ್ತವಾಂತಿ ಅಥವಾ ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ಸಹಿಸಲಾಗದ ನೋವು ಬಂದರೆ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಬೈಪಾಸ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ತಲೆನೋವು, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ನೆಪ್ರೊಕ್ಸೆನ್ ಮನೆಯಲ್ಲೇ ಇಡಬೇಡಿ.

ಚಟ ಮರಳುವ ಹಾಗಿದ್ದರೆ ನಿಕೋಟಿನ್ ಗಮ್ಮನ್ನು ನೀವಾಗಿ ಶುರು ಮಾಡಬೇಡಿ. ನುಂಗಿದ ಗಮ್ಮು ಕಿರಿದಾದ ಜೋಡಣೆಯಲ್ಲಿ ಸಿಕ್ಕಿಕೊಳ್ಳಬಹುದು, ಜೊಲ್ಲಿನೊಂದಿಗೆ ಇಳಿದ ನಿಕೋಟಿನ್ ಹೊಟ್ಟೆಯನ್ನು ಕೆಣಕುತ್ತದೆ. ಯಾವ ಔಷಧಿ ಎಂದು ತಂಡವನ್ನೇ ಕೇಳಿ.

ಪ್ರಶ್ನೆ: ಐದು ವಾರ ಬಿಟ್ಟಿದ್ದೆ. ಮೊನ್ನೆ ಮನೆಯಲ್ಲಿ ಜಗಳವಾಗಿ ಎರಡು ಸೇದಿಬಿಟ್ಟೆ. ಆಪರೇಷನ್ 9 ದಿನ ಇದೆ. ಹೇಳಿದರೆ ಮುಂದೆ ಹಾಕುತ್ತಾರೆ. ಹೇಳಲೇಬೇಕೇ?

ಹೇಳಬೇಕು, ಇವತ್ತೇ. ಎರಡು ಸಿಗರೇಟಿಗೆ ಐದು ವಾರದ ಲಾಭವೆಲ್ಲ ಕೊಚ್ಚಿಹೋಗಲಿಲ್ಲ. ತಂಡ ಮತ್ತೆ ಪರೀಕ್ಷೆ ಮಾಡಿಸಬಹುದು, ತಾರೀಖನ್ನು ಮುಂದೂಡಬಹುದು, ಹಾಗೇ ಉಳಿಸಿಕೊಳ್ಳಲೂಬಹುದು. ಮುಂದೂಡಿದರೆ ಬೇಸರವಾಗುತ್ತದೆ ನಿಜ, ಆ ವಾರಗಳೂ ನಿಮ್ಮ ಹೊಲಿಗೆಯ ಪರವಾಗಿಯೇ ಕೆಲಸ ಮಾಡುತ್ತವೆ. ಮುಚ್ಚಿಟ್ಟು ಆಪರೇಷನ್ ದಿನದ ಪರೀಕ್ಷೆಯಲ್ಲಿ ಗೊತ್ತಾದರೆ ಉಪವಾಸವಿದ್ದು, ಯಕೃತ್ತಿನ ಡಯೆಟ್ ಮುಗಿಸಿಕೊಂಡು ಬಂದ ಮೇಲೆ ಬರಿಗೈಲಿ ಮನೆಗೆ ಮರಳಬೇಕಾಗುತ್ತದೆ. ಪ್ಯಾಚು ಹಾಕಿಕೊಂಡಿದ್ದಾಗ ಸೇದಿದ್ದರೆ ಪ್ಯಾಚು ನಿಲ್ಲಿಸಬೇಡಿ, ಉಳಿದ ಸಿಗರೇಟನ್ನು ಎಸೆಯಿರಿ.

ಅರಿವಳಿಕೆ ತಜ್ಞರಿಗೆ ಪ್ರತ್ಯೇಕವಾಗಿ ಹೇಳಿ. ಕೊನೆಯ ಸಿಗರೇಟು ಯಾವಾಗ, ಬಿಡುವ ಮುಂಚೆ ದಿನಕ್ಕೆ ಎಷ್ಟು, ಎಷ್ಟು ವರ್ಷ, ಈಗ ಕೆಮ್ಮು ಕಫ ಇದೆಯೇ, ಯಾವ ಪ್ಯಾಚು ಮಾತ್ರೆ ನಡೆಯುತ್ತಿದೆ, ಇಷ್ಟನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ಶ್ವಾಸನಾಳ ಬಿಗಿಯದಂತೆ ಮೊದಲೇ ಔಷಧಿ ಕೊಡಬೇಕೇ ಎಂಬುದನ್ನು ಅವರು ಅದರ ಮೇಲೆ ತೀರ್ಮಾನಿಸುತ್ತಾರೆ. ಉಸಿರಾಟದ ವ್ಯಾಯಾಮಕ್ಕೆ ಚೆಂಡುಗಳಿರುವ ಸ್ಪೈರೋಮೀಟರ್ ಕೊಟ್ಟಿದ್ದರೆ ಈಗಿನಿಂದಲೇ ಅಭ್ಯಾಸ ಮಾಡಿ: ನಿಧಾನವಾಗಿ ಒಳಗೆಳೆದು, ಮೂರರಿಂದ ಐದು ಸೆಕೆಂಡು ಹಿಡಿದು, ಬಿಡಿ. ಆಪರೇಷನ್ ನಂತರ ಎಚ್ಚರವಿರುವ ಪ್ರತಿ ಗಂಟೆಗೂ ಹೀಗೆ 10 ಸಲ ಮಾಡಲು ಹೇಳುತ್ತಾರೆ. ಆ ಹೊತ್ತಿಗೆ ಹೊಟ್ಟೆ ನೋಯುತ್ತಿರುತ್ತದೆ, ಅಭ್ಯಾಸವಿದ್ದವರಿಗೆ ಸುಲಭ.